ಉರುಂಬುಪೊಡಿ

ನಮ್ಮತ್ತೆ ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ತಾವೊಂದು ಗುಟುಕು ನೀರು ಕುಡಿಯುವ ಮೊದಲು ಇರುವೆಗಳಿಗೆ ಹಿಟ್ಟು ಹಾಕಿ ಬರುತ್ತಿದ್ದರು. ಅಕ್ಕಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿದ ಬಟ್ಟಲು ಹಿಡಿದು ಅಂಗಳಕ್ಕಿಳಿದರೆ ಹಲಸಿನ ಬುಡ, ಬಟ್ಟೆ ಒಗೆಯುವ ಕಲ್ಲಿನ ಸಂದು, ಬಚ್ಚಲ ತೂಬು, ಕೊಟ್ಟಿಗೆಯ ಹಿಂದಿನ ಗೋಡೆ, ಹೀಗೆ ಒಂದೊಂದು ಗೂಡಿನ ಬಾಯಿಗೂ ಒಂದೊಂದು ಚಿಟಿಕೆ. ನೆಂಟರಿಗೆ ಬಡಿಸುವಾಗ ಕೂಡ ಅವರು ಅಷ್ಟು ವಿಚಾರಿಸಿಕೊಳ್ಳುತ್ತಿರಲಿಲ್ಲ. ಯಾವ ಗೂಡಿನವು ನಿನ್ನೆ ಹೊರಗೆ ಬರಲಿಲ್ಲ, ಯಾವುವು ಮೊಟ್ಟೆ ಕಚ್ಚಿಕೊಂಡು ಮೇಲಕ್ಕೆ ಹೊರಟಿವೆ, ಅದರಿಂದ ಮಳೆ ಎಂದು ಬರುತ್ತದೆ, ಎಲ್ಲ ಸುದ್ದಿಯೂ ಕಾಫಿಯ ಹೊತ್ತಿಗೆ ನಮಗೆ ತಲುಪುತ್ತಿತ್ತು.

"ಹೊರಗೇ ಹೊಟ್ಟೆ ತುಂಬುದ್ರೆ ಒಳಗ್ಯಾಕವ್ವ ಬಂದಾವು?" ಎನ್ನುವುದು ಅವರ ಸಿದ್ಧಾಂತ. ನಾನೂ ಜೈನರ ಮನೆಯವಳೇ, ಗಡಿಯಾಚೆ ಗುಂಡ್ಲುಪೇಟೆ ಕಡೆಯವಳು. ಆದರೆ ನಮ್ಮಮ್ಮ ಇರುವೆ ಕಂಡರೆ ಪೊರಕೆ ಹಿಡಿಯುತ್ತಿದ್ದಳು. ಮೆಲ್ಲಗೆ ಗುಡಿಸಿದರೆ ಪಾಪವಿಲ್ಲ ಎಂದು ಅವಳೇ ಒಂದು ಶಾಸ್ತ್ರ ಮಾಡಿಕೊಂಡಿದ್ದಳು. ಅಂಥ ಮನೆಯಿಂದ ಮುತ್ತಂಗದ ಚೆಕ್‌ಪೋಸ್ಟ್ ದಾಟಿ ಈ ಮಲಯಾಳದ ಸೀಮೆಗೆ ಸೊಸೆಯಾಗಿ ಬಂದವಳಿಗೆ ಈ ಅನ್ನದಾನ ವಿಚಿತ್ರವಾಗಿ ಕಂಡಿತು. ಬೆಲ್ಲ ಇದ್ದಲ್ಲಿ ಇರುವೆ ಎನ್ನುತ್ತಾರೆ, ಇವರು ಇರುವೆ ಇದ್ದಲ್ಲಿಗೇ ಬೆಲ್ಲ ಹೊತ್ತುಕೊಂಡು ಹೋಗುತ್ತಾರಲ್ಲ ಎಂದು ಮೊದಮೊದಲು ತವರಿಗೆ ಹೋದಾಗಲೆಲ್ಲ ಹೇಳಿ ನಗಿಸುತ್ತಿದ್ದೆ.

ಅವರೂ ನನ್ನನ್ನು ನೋಡಿ ನಗುವುದಕ್ಕೇನು ಕಡಿಮೆ ಇರಲಿಲ್ಲ. ನಾನು ಬಂದ ವರ್ಷವೇ ಮೆಣಸಿನ ಕೊಯ್ಲಿನಲ್ಲಿ, ಏಣಿ ಹತ್ತಿದ್ದ ಕೆಲಸದವಳು "ನೀರ್! ನೀರ್!" ಎಂದು ಕೂಗಿಕೊಂಡಳು. ಪಾಪ, ಬಾಯಾರಿದೆ ಎಂದುಕೊಂಡು ನಾನು ಚೊಂಬು ತುಂಬಿಕೊಂಡು ಓಡಿದೆ. ಅವಳು ಏಣಿಯಿಂದ ಧುಮುಕಿ ರವಿಕೆ ಕೊಡವುತ್ತ ಕುಣಿಯುತ್ತಿದ್ದಳು. ಇಲ್ಲಿಯ ಮಾತಿನಲ್ಲಿ ನೀರ್ ಅಂದರೆ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ. ಕುಡಿಯುವುದಕ್ಕೆ ಬೇಕಾದರೆ ವೆಳ್ಳ ಎನ್ನಬೇಕು. "ನಮ್ ಸೊಸೆ ಕೆಂಜಿಗಕ್ಕೆ ಬಾಯಾರ್ಕೆ ಅಂತ ಚೊಂಬ್ ತಕಂಡು ಓಡುದ್ಲು" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ನನಗೆ ಮೈ ಉರಿಯುತ್ತಿತ್ತು. ಹಟ ಹಿಡಿದು ಮಲಯಾಳ ಮಾತಾಡುವುದನ್ನೂ ಕಲಿತೆ, ಬಸ್ಸಿನ ಬೋರ್ಡು ನೋಡಿ ನೋಡಿ ಓದುವುದನ್ನೂ ಕಲಿತೆ. ಅತ್ತೆಗೆ ಮಾತ್ರ ಇವತ್ತಿಗೂ ಮಲಯಾಳ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಅವರು ಓದುವುದು ಕನ್ನಡದ ಪೂಜೆಯ ಪುಸ್ತಕವೊಂದನ್ನೇ.

ಇಪ್ಪತ್ತು ಇಪ್ಪತ್ತೈದು ವರ್ಷ ಅತ್ತೆಯ ಸಿದ್ಧಾಂತ ಹೇಗೋ ನಡೆಯಿತು. ಕಟ್ಟಿರುವೆ, ಗೊದ್ದ, ಸಣ್ಣ ಕರಿಯಿರುವೆ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಒಳಗೆ ಬರುತ್ತಲೇ ಇರಲಿಲ್ಲ ಎಂದಲ್ಲ, ಬಂದರೂ ನೆಂಟರ ಹಾಗೆ ಸಾಲಾಗಿ ಬಂದು ಸಾಲಾಗಿ ಹೋಗುತ್ತಿದ್ದವು. ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿಟ್ಟರೆ ಮುಗಿಯಿತು.

ಹುಚ್ಚಿರುವೆ ಬಂದದ್ದು ನಾಲ್ಕು ವರ್ಷದ ಹಿಂದೆ. ಎಲ್ಲಿಂದ ಬಂತೋ ಗೊತ್ತಿಲ್ಲ. ತೋಟಕ್ಕೆ ತರಿಸಿದ ಗೊಬ್ಬರದ ಲಾರಿಯಲ್ಲಿ ಬಂತು ಎಂದು ನಮ್ಮವರು ಹೇಳುತ್ತಾರೆ, ಇಲ್ಲಿ ಕಲ್ಲೂರಿನಲ್ಲಿ ಬೇರೆ ಯಾರನ್ನೋ ಕೇಳಿದರೆ ಬಾಳೆಯ ಕಂದಿನ ಜೊತೆ ಬಂತು ಎನ್ನುತ್ತಾರೆ. ಹಳದಿ ಮೈ, ಉದ್ದುದ್ದ ಕಾಲು, ಎಣ್ಣೆಯಲ್ಲಿ ಬಿದ್ದ ಸಾಸಿವೆಯ ಹಾಗೆ ದಿಕ್ಕುದಿಕ್ಕಿಗೆ ಸಿಡಿದು ಓಡುತ್ತವೆ. ಸಾಲು ಕಟ್ಟುವುದು ಅವಕ್ಕೆ ಗೊತ್ತೇ ಇಲ್ಲ. ಕಚ್ಚುವುದೂ ಇಲ್ಲ, ಹೊಟ್ಟೆಯ ತುದಿಯಿಂದ ಏನೋ ಹುಳಿನೀರು ಚಿಮ್ಮಿಸುತ್ತವೆ, ತಾಗಿದ ಜಾಗ ಉರಿಯುತ್ತದೆ. ಒಂದನ್ನು ನೋಡಿದರೆ ಏನಿದು ಬಡಪಾಯಿ ಅನಿಸುತ್ತದೆ. ಆದರೆ ಅದು ಒಂದಾಗಿ ಎಂದೂ ಬರುವುದಿಲ್ಲ.

ಮೊದಲು ಗಮನಿಸಿದವರು ಅತ್ತೆಯೇ. "ಹಲಸಿನ ಬುಡದ ಕಟ್ಟಿರುವೆ ಕಾಣ್ತಾ ಇಲ್ಲ ಕಣವ್ವ" ಎಂದರು ಒಂದು ದಿನ. ಮರುವಾರ ಗೊದ್ದವೂ ಇಲ್ಲ. ಅವರು ಹಾಕಿದ ಹಿಟ್ಟಿಗೆಲ್ಲ ಹಳದಿಯವೇ ಮುತ್ತಿಕೊಳ್ಳುತ್ತಿದ್ದವು. ಹಾಕುವುದನ್ನಾದರೂ ನಿಲ್ಲಿಸಿ ಅತ್ತೆ ಎಂದು ನಾನು ಗೋಗರೆದೆ. "ಅವ್ಕೆ ಹೊಟ್ಟೆ ಇಲ್ವಾ?" ಎಂದರು. ಹೊಟ್ಟೆ ಇಲ್ಲದೇ ಏನು, ಅವಕ್ಕೆ ಇರುವುದೇ ಹೊಟ್ಟೆ.

ಆ ಮೇಲಿನ ಮೂರು ವರ್ಷ ನಾನು ಬೇರೆ ಏನು ಮಾಡಿದೆ ಎಂದು ಕೇಳಿದರೆ ನೆನಪಾಗುವುದಿಲ್ಲ. ಅಡುಗೆಮನೆಯ ಕಪಾಟಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆ, ಅವು ಬಟ್ಟೆ ಒಣಗಿಸುವ ಹಗ್ಗದ ಮೇಲೆ ನಡೆದು ಬಂದವು. ಅರಿಶಿನದ ಗೆರೆ ಎಳೆದೆ, ಇಂಗಿನ ನೀರು ಚಿಮುಕಿಸಿದೆ, ಒಲೆಯ ಬೂದಿ ಹರಡಿದೆ, ಬೇವಿನೆಣ್ಣೆ ಹಚ್ಚಿದೆ. ಮನೆ ಯಾವಾಗಲೂ ಔಷಧದ ಅಂಗಡಿಯಂತೆ ನಾರುತ್ತಿತ್ತು, ಇರುವೆಗಳು ಮಾತ್ರ ಹಾಗೇ ಇದ್ದವು. ಮಡಚಿಟ್ಟ ಸೀರೆ ಬಿಚ್ಚಿದರೆ ಮಡಿಕೆಯಲ್ಲಿ ಮೊಟ್ಟೆ. ಗ್ರೈಂಡರಿನ ಮೋಟರಿನೊಳಗೆ ಹೊಕ್ಕು ಅದು ಸುಟ್ಟೇ ಹೋಯಿತು. ದೀಪದ ಸ್ವಿಚ್ಚು ಒತ್ತಿದರೆ ಚಟಚಟ ಶಬ್ದ ಬಂದು ಒಳಗಿಂದ ಸತ್ತ ಇರುವೆ ಉದುರುತ್ತಿತ್ತು. ತೋಟದಲ್ಲಿ ಇನ್ನೂ ಕಷ್ಟ. ಕಾಫಿ ಗೊಂಚಲಿನಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕೂತಿರುತ್ತದಲ್ಲ, ಅದರ ಸಿಹಿಗಾಗಿ ಈ ಇರುವೆಗಳು ಅದನ್ನು ಸಾಕುತ್ತವೆ, ಕಾಯುತ್ತವೆ, ಗಿಡದಿಂದ ಗಿಡಕ್ಕೆ ಹೊತ್ತುಕೊಂಡು ಹೋಗುತ್ತವೆ. ಕೊಯ್ಯುವುದಕ್ಕೆ ಕಾಡಿನಂಚಿನ ಹಾಡಿಯಿಂದ ಬರುತ್ತಿದ್ದ ಹೆಂಗಸರು ಕಣ್ಣಿಗೆ ಹುಳಿನೀರು ಬೀಳುತ್ತದೆ ಎಂದು ನಮ್ಮ ತೋಟದ ಕಡೆ ತಲೆ ಹಾಕಲಿಲ್ಲ.

ತೋಟಕ್ಕೆ ನಮ್ಮವರು ಏನೇನೋ ಹೊಡೆಯುತ್ತಿದ್ದರು. ಅದನ್ನು ಅತ್ತೆ ಎಂದೂ ಕೇಳಿದವರಲ್ಲ. ಅಂಗಳದ ಮೆಟ್ಟಿಲಿನಿಂದ ಆಚೆ ಮಗನ ಬೇಸಾಯ, ಈಚೆ ಅವರ ಧರ್ಮ ಎಂದು ಅವರವರಲ್ಲೇ ಒಂದು ಒಪ್ಪಂದವಾದಂತಿತ್ತು. ಈಚೆ ಕಡೆ ಒಂದು ಇರುವೆ ಸಾಯುವ ಹಾಗಿಲ್ಲ. ನಾನು ಸಿಟ್ಟಿನಲ್ಲಿ ಒಮ್ಮೆ ಬಿಸಿನೀರು ಸುರಿಯಲು ಹೋದಾಗ ಅವರು ಅಡ್ಡ ನಿಂತು, "ನಿನ್ ಎದೆ ಕಲ್ಲಾ?" ಎಂದು ಬೈದಿದ್ದರು. ಇರುವೆಯ ನಡುವೆ ಹೆಣಗುವವಳು ನಾನು, ಧರ್ಮ ಉಳಿಸಿಕೊಳ್ಳುವವರು ನೀವು ಎಂದು ನಾನೂ ಅಂದುಬಿಟ್ಟೆ.

ಎಲ್ಲವನ್ನೂ ಸಹಿಸಿಕೊಂಡೇ ಇರುತ್ತಿದ್ದೆನೋ ಏನೋ, ಕರು ಹುಟ್ಟದಿದ್ದರೆ. ಆಷಾಢದ ಜಡಿಮಳೆಯಲ್ಲಿ ನಮ್ಮ ಹಸು ಕರು ಹಾಕಿತು, ಹೆಣ್ಣುಗರು, ಹಣೆಯ ಮೇಲೆ ಬಿಳಿ ಬೊಟ್ಟು. ಮಳೆಗೆ ಗೂಡು ನೆನೆದು ಇರುವೆಗಳೆಲ್ಲ ಒಣ ಜಾಗ ಹುಡುಕಿ ಕೊಟ್ಟಿಗೆಗೇ ಬಂದಿದ್ದವು. ಹುಟ್ಟಿದ ಮೂರನೇ ಬೆಳಿಗ್ಗೆ ಹಾಲು ಕರೆಯಲು ಹೋದರೆ ಕರು ಹುಲ್ಲಿನ ಮೇಲೆ ಮುಖ ಉಜ್ಜುತ್ತ ಬಿದ್ದಿದೆ, ಕಣ್ಣಿನ ಸುತ್ತ ಹಳದಿ ಇರುವೆ ಹೊದ್ದುಕೊಂಡಿದೆ. ನಾನು ಸೆರಗಿನಿಂದ ಒರೆಸಿದೆ, ನೀರು ಹಾಕಿ ತೊಳೆದೆ. ಎಡಗಣ್ಣು ತೆರೆಯಲೇ ಇಲ್ಲ. ಮೃಗಾಸ್ಪತ್ರೆಯ ಡಾಕ್ಟರ್ ಬಂದು ನೋಡಿ, ಎಡಗಣ್ಣಿನ ಆಸೆ ಬಿಡಿ, ಬಲಗಣ್ಣಾದರೂ ಉಳಿಯಬೇಕಾದರೆ ಇರುವೆ ಹತ್ತಿರ ಬರದಂತೆ ನೋಡಿಕೊಳ್ಳಿ ಎಂದು ಹನಿ ಔಷಧ ಬರೆದುಕೊಟ್ಟರು. ನೋಡಿಕೊಳ್ಳಿ ಎನ್ನುವುದು ಎಷ್ಟು ಸುಲಭದ ಮಾತು.

ಅತ್ತೆ ಕರುವಿನ ಪಕ್ಕ ಕೂತು ಅಳುತ್ತಿದ್ದರು. ಪಾಪ ಎನ್ನುವುದನ್ನು ಇಲ್ಲಿಯವರ ಹಾಗೆ "ಪಾವ, ಪಾವ" ಎನ್ನುತ್ತ ಅದರ ಬೆನ್ನು ನೇವರಿಸುತ್ತಿದ್ದರು. ಇಷ್ಟಾದ ಮೇಲಾದರೂ ಒಂದು ಮಾತು ಹೇಳುತ್ತಾರೆಂದು ಕಾದೆ. "ಇದೂ ಜೀವ, ಅವೂ ಜೀವ. ನಾವ್ ಯಾರ್ ಕಡೆ ಅಂತ ನಿಲ್ಲೋದು?" ಎಂದರು. ನಾನು ಕರುವಿನ ಕಡೆ ನಿಂತೆ. ಯಾರಿಗೂ ಹೇಳದೆ ಬತ್ತೇರಿ ಪೇಟೆಗೆ ಹೋಗಿ, ಗೊಬ್ಬರ ಔಷಧಿ ಮಾರುವ ಅಂಗಡಿಯಲ್ಲಿ ಇರುವೆಗೆ ಏನಾದರೂ ಕೊಡಿ ಎಂದು ಕೇಳಿದೆ. ಅಂಗಡಿಯವನು ಬಿಳಿಯ ಪುಡಿಯ ಪೊಟ್ಟಣವೊಂದನ್ನು ಮುಂದಿಟ್ಟು, "ಉರುಂಬುಪೊಡಿ, ಚೇಚಿ" ಎಂದ. ಪೊಟ್ಟಣದ ಮೇಲೆ ಹೆಬ್ಬೆರಳುದ್ದದ ಇರುವೆಯ ಚಿತ್ರ.

ಮನೆಗೆ ಬಂದು ಚೀಲ ಬಿಚ್ಚುವಾಗ ಅತ್ತೆ ಎದುರಿಗೇ ಇದ್ದರು. ಪೊಟ್ಟಣ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಅಕ್ಷರ ಎಲ್ಲ ಮಲಯಾಳ.

"ಎಂತದವ್ವ ಇದು?"

"ಉರುಂಬುಪೊಡಿ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅದರ ಹೆಸರೇ ಅದು. ಇನ್ನು ಶುರುವಾಗುತ್ತದೆ ಜಗಳ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೆ.

ಅತ್ತೆಯ ಮುಖ ಅರಳಿತು. "ಉರುಂಬ್ಗೂ ಪೊಡಿ ಬಂದುಬುಡ್ತಾ!" ಎಂದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಅಡುಗೆಮನೆಯಲ್ಲಿ ಪುಟ್ಟುಪೊಡಿ ಇದೆ, ಅಪ್ಪಪೊಡಿ ಇದೆ, ಅರಿಪೊಡಿ ಇದೆ. ಉರುಂಬು ಅಂದರೆ ಇರುವೆ, ಪೊಡಿ ಅಂದರೆ ಪುಡಿಯೂ ಹೌದು, ಹಿಟ್ಟೂ ಹೌದು. ಪುಟ್ಟಿನ ಹಿಟ್ಟಿನ ಪೊಟ್ಟಣದ ಮೇಲೆ ಪುಟ್ಟಿನ ಚಿತ್ರ ಇರುತ್ತದೆ, ಇರುವೆಯ ಹಿಟ್ಟಿನ ಪೊಟ್ಟಣದ ಮೇಲೆ ಇರುವೆಯ ಚಿತ್ರ. ಇದರಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇಲ್ಲ. ಜೀವಮಾನವಿಡೀ ಇರುವೆಗೆ ಹಿಟ್ಟು ಬೀಸಿದ ಹೆಂಗಸಿಗೆ, ಕೊನೆಗೂ ಅಂಗಡಿಯವರಿಗೆ ಬುದ್ಧಿ ಬಂದು ಇರುವೆಗೂ ಹಿಟ್ಟು ಮಾರಲು ಶುರುಮಾಡಿದರು ಎಂದು ಅನಿಸಿದ್ದರೆ ಅದು ಅವರ ತಪ್ಪಲ್ಲ.

"ಅಂತೂ ನಿನಗೂ ಮನಸ್ ಬಂತಲ್ಲವ್ವ. ಬೆಲ್ಲ ಕುಟ್ಟೋದು, ಹಿಟ್ ಬೀಸೋದು ತಪ್ತು" ಎಂದು ನನ್ನ ಕೆನ್ನೆ ಸವರಿದರು. ಮದುವೆಯಾಗಿ ಬಂದ ದಿನ ಬಿಟ್ಟರೆ ಅವರು ನನ್ನ ಕೆನ್ನೆ ಮುಟ್ಟಿದ್ದು ಅದೇ.

ನಾನು ತಿದ್ದಲಿಲ್ಲ. ಇಷ್ಟೇ ನಡೆದದ್ದು. ಸಂಜೆ ಮಗನಿಗೂ ತೋರಿಸಿದರು. ನಮ್ಮವರಿಗೆ ಮಲಯಾಳ ಶಾಲೆಯಲ್ಲಿ ಓದಿದ ಭಾಷೆ, ಪೊಟ್ಟಣದ ಮೇಲೆ ಬರೆದದ್ದೆಲ್ಲ ಓದಿ ನನ್ನ ಮುಖ ನೋಡಿದರು, "ಒಳ್ಳೇದಾಯ್ತು ಬುಡವ್ವ" ಎಂದು ಹೊರಗೆ ಹೋದರು. ನನಗಿಂತ ಅವರೇನು ಕಮ್ಮಿ ಇಲ್ಲ. ಪೊಟ್ಟಣವನ್ನು ಅತ್ತೆಗೆ ಎಟುಕದ ಹಾಗೆ ಮೇಲಿನ ಹಲಗೆಯಲ್ಲಿಟ್ಟೆ. ನಾಳೆ ನಾನೇ ಕೊಟ್ಟಿಗೆಯ ಸುತ್ತ ಉದುರಿಸಿ, ಖಾಲಿ ಪೊಟ್ಟಣ ಸುಟ್ಟು, ಮುಗಿದೇ ಹೋಯಿತು ಎಂದು ಹೇಳಿಬಿಡುವುದು ಎಂದು ಯೋಚಿಸಿದೆ.

ಮರುದಿನ ಕರುವಿನ ಕಣ್ಣಿನ ಔಷಧ ತರಲು ಬೆಳಗಿನ ಬಸ್ಸಿಗೇ ಹೋಗಬೇಕಾಯಿತು. ತಿರುಗಿ ಬರುವಷ್ಟರಲ್ಲಿ ಅತ್ತೆ ಮಣೆಯ ಮೇಲೆ ನಿಂತು ಪೊಟ್ಟಣ ಇಳಿಸಿದ್ದರು. ಬರೀ ಪೊಡಿ ಇರುವೆಗೆ ರುಚಿಸಲಿಕ್ಕಿಲ್ಲ ಎಂದು ತಮ್ಮ ಅಕ್ಕಿಹಿಟ್ಟು ಬೆಲ್ಲದ ಜೊತೆ ಅದನ್ನು ಬೆರೆಸಿ, ಎಲ್ಲ ಗೂಡಿಗೂ ಹಾಕಿ ಮುಗಿಸಿ, ಖಾಲಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದರು. ಬೆರಳಿಗೆಲ್ಲ ಬಿಳಿ ಪುಡಿ ಅಂಟಿತ್ತು. ನಾನು ಓಡಿಹೋಗಿ ಅವರ ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆದೆ. ಯಾಕವ್ವ ಎಂದರು. ಅಂಗಡಿಯ ಪುಡಿ, ಕೆಡದ ಹಾಗೆ ಏನೇನೋ ಹಾಕಿರುತ್ತಾರೆ, ಕೈ ಉರಿದೀತು ಎಂದೆ. ಅದು ಬೇಕೆಂದೇ ಹೇಳಿದ ಮೊದಲ ಸುಳ್ಳು.

ಎರಡು ದಿನದಲ್ಲಿ ಇರುವೆ ಸತ್ತವು. ರಾಶಿ ರಾಶಿ ಸತ್ತವು. ಅತ್ತೆಗೆ ಪೊರೆ ತೆಗೆಸಿದ ಮೇಲೂ ಕಣ್ಣು ಅಷ್ಟಕ್ಕಷ್ಟೇ, ತೀರ ಬಗ್ಗಿ ನೋಡದ ಹೊರತು ನೆಲದ ಮೇಲಿನ ಹಳದಿ ಹೊಟ್ಟು ಅವರಿಗೆ ಹಲಸಿನ ಎಲೆಯ ಕಸದಂತೆ ಕಂಡಿರಬೇಕು. ಅವರು ಏಳುವ ಮೊದಲೇ ನಾನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿಬಿಡುತ್ತಿದ್ದೆ.

"ತಿಂದ್ವಾ?" ಎಂದು ಕೇಳುತ್ತಿದ್ದರು ಮಧ್ಯಾಹ್ನ.

"ತಿಂದ್ವು ಅತ್ತೆ."

"ಇನ್ ಒಳಗ್ ಬರಲ್ಲ ನೋಡು. ನಾನ್ ಹೇಳ್ತಿರಲಿಲ್ವಾ?"

ಒಂದು ವಾರ ಮನೆ ಮನೆಯಂತಿತ್ತು. ಸಕ್ಕರೆ ಡಬ್ಬ ನೀರಿನ ತಟ್ಟೆಯಿಂದ ಹೊರಗೆ ಬಂತು. ಕರುವಿನ ಬಲಗಣ್ಣು ಬೆಳಕಿನ ಕಡೆ ತಿರುಗಲು ಶುರುವಾಯಿತು. ಪೊಟ್ಟಣದಲ್ಲಿ ಉಳಿದದ್ದನ್ನು ನಾನು ಬಚ್ಚಿಟ್ಟು, ಅದೇ ಪೊಟ್ಟಣಕ್ಕೆ ನಮ್ಮ ಅಕ್ಕಿಹಿಟ್ಟು ತುಂಬಿ ಅತ್ತೆಯ ಕೈಗೆ ಕೊಟ್ಟೆ. ಇಲ್ಲಿಗೆ ಇದು ಮುಗಿಯಲಿ, ಆದದ್ದಾಯಿತು, ಇನ್ನು ಮುಂದೆ ಅವರ ಕೈಯಿಂದ ಹಿಟ್ಟೇ ಬೀಳಲಿ ಎನ್ನುವುದು ನನ್ನ ಆಸೆ. ಆ ವಾರ ನಾನು ಒಳ್ಳೆಯವಳಾಗಿದ್ದೆ.

ಅಕ್ಕಿಹಿಟ್ಟಿಗೆ ಇರುವೆ ಮತ್ತೆ ಬಂದವು. ಹತ್ತಿರದ ತೋಟದಿಂದ, ಬೇಲಿಯ ಬುಡದಿಂದ, ಎಲ್ಲೆಲ್ಲಿಂದಲೋ ಬಂದವು. ಒಂದು ಮುಂಜಾನೆ ಕರುವಿನ ಬಲಗಣ್ಣಿನ ಮೂಲೆಯಲ್ಲಿ ನಾಲ್ಕು ಇರುವೆ ಕಂಡಾಗ ನನ್ನ ತಲೆಯೊಳಗೆ ಏನೋ ಕಡಿದು ಹೋಯಿತು. ಒಳಗೆ ಹೋಗಿ ಅಕ್ಕಿಹಿಟ್ಟು ಸುರಿದು ಪೊಟ್ಟಣಕ್ಕೆ ಮತ್ತೆ ಆ ಪುಡಿ ತುಂಬಿದೆ. ನಾನೇ ಹಾಕಬಹುದಿತ್ತು. ಆದರೆ ಯಾವ ಗೂಡು ಎಲ್ಲಿದೆ ಎಂದು ಅತ್ತೆಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಬೆಲ್ಲ ಎಷ್ಟು ಬೆರೆಸಿದರೆ ಅವು ಮುತ್ತುತ್ತವೆ ಎನ್ನುವುದೂ ಅವರ ಕೈಗೇ ಗೊತ್ತು. ಒಂದು ಚಮಚ ಕೊಟ್ಟು, "ಕೈ ಹಾಕಬೇಡಿ ಅತ್ತೆ, ಇದರಲ್ಲಿ ಹಾಕಿ" ಎಂದು ಮಾತ್ರ ಹೇಳಿದೆ. ಮೂರು ವಾರ ಅವರು ಹಾಕಿದರು. ಮುಗಿದಾಗ ಇನ್ನೊಂದು ಪೊಟ್ಟಣ ತಂದುಕೊಟ್ಟೆ. ನಮ್ಮವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಗೊತ್ತಿಲ್ಲದವರು ಅವರೊಬ್ಬರೇ.

ಭಾದ್ರಪದ ಬಂತು. ನಮ್ಮಲ್ಲಿ ದಶಲಕ್ಷಣದ ಹತ್ತು ದಿನ ಪೂಜೆ, ಉಪವಾಸ. ಅದು ಮುಗಿದ ಮೇಲೆ ಕ್ಷಮಾವಣಿ. ಆ ದಿನ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳಬೇಕು. ದೊಡ್ಡವರು ಚಿಕ್ಕವರ ಹತ್ತಿರ ಕೇಳಿದರೂ ತಪ್ಪಿಲ್ಲ. ಮನುಷ್ಯರ ಹತ್ತಿರ ಕೇಳಿಯಾದ ಮೇಲೆ ಅತ್ತೆ ಅಂಗಳಕ್ಕಿಳಿದು ಹಸುವಿಗೆ, ಹಕ್ಕಿಗೆ, ಇರುವೆಗೆ ಕೈಮುಗಿದು ಕೇಳುವುದು ವರ್ಷವರ್ಷದ ಪದ್ಧತಿ. ಅವರ ಆ ಹೊತ್ತಿನ ಮುಖ ನನಗೆ ಇಷ್ಟ. ಮಕ್ಕಳು ಪರೀಕ್ಷೆ ಬರೆದು ಬಂದ ಮೇಲೆ ಇರುತ್ತದಲ್ಲ, ಹಾಗಿರುತ್ತಿತ್ತು.

ಬಸದಿಯಿಂದ ಬಂದು, ಹೊತ್ತು ಮುಳುಗುವ ಮೊದಲು ಊಟ ಮುಗಿಸಿ, ನಡುಮನೆಯ ಚಾಪೆಯ ಮೇಲೆ ಕೂತಿದ್ದೆವು. ಅತ್ತೆ ನನ್ನ ಕಡೆ ತಿರುಗಿ ಕೈಮುಗಿದರು.

"ವರ್ಸೆಲ್ಲ ನಿನ್ ಮ್ಯಾಲೆ ರೇಗಿದ್ದೀನಿ. ಉರುಂಬಿನ್ ವಿಸ್ಯಕ್ಕೆ ನಿನ್ ಎದೆ ಕಲ್ಲು ಅಂದಿದ್ದೆ. ಪೊಡಿ ತಂದ್ಕೊಟ್ಟು ನನ್ ಬಾಯಿ ಮುಚ್ಚುಸ್ದೆ ನೀನು. ತಿಳ್ದೋ ತಿಳೀದೆಯೋ ಅಂದದ್ದು, ಕ್ಷಮಿಸ್ಬುಡವ್ವ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಕೂತೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ನಾನೂ ಕೈಮುಗಿದು, "ನೀವೂ ನನ್ನ ಕ್ಷಮಿಸಿ ಅತ್ತೆ" ಎಂದೆ.

"ಕ್ಷಮಿಸ್ದೆ ಕಣವ್ವ" ಎಂದರು ಆ ಕ್ಷಣವೇ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ವಿಷಯ ಹಾಗೇ ಮುಗಿಯುತ್ತದೆ. ಆದರೆ ಏನೆಂದು ಕೇಳದೆ ಕೊಟ್ಟ ಕ್ಷಮೆ ಕಳ್ಳಮಾಲಿನ ಹಾಗೆ ಮಡಿಲಲ್ಲಿ ಬಿತ್ತು, ಅದನ್ನು ಇಟ್ಟುಕೊಂಡು ಏಳುವುದಕ್ಕೆ ನನ್ನಿಂದಾಗಲಿಲ್ಲ. ಹೇಳಿಬಿಟ್ಟೆ. ಅದು ಹಿಟ್ಟಲ್ಲ, ಇರುವೆ ಕೊಲ್ಲುವ ಮದ್ದು, ಹೆಸರು ಮಾತ್ರ ಹಾಗೆ ಎಂದು ಹೇಳಿದೆ. ನಮ್ಮವರು ಎದ್ದು ಜಗುಲಿಗೆ ಹೋದರು.

ಅತ್ತೆ ತಮ್ಮ ಬಲಗೈಯನ್ನು ನೋಡಿಕೊಂಡರು. ಅಂಗೈ, ಆಮೇಲೆ ಬೆರಳು.

"ಎಲ್ಲಾ ಗೂಡ್ಗೂ ಹಾಕ್ದೆನಲ್ಲವ್ವ ನಾನು" ಎಂದರು. "ಒಗೆಯೋ ಕಲ್ಲಿನ ಸಂದೀಲಿ ಒಂದಷ್ಟು ಕಟ್ಟಿರುವೆ ಉಳ್ಕಂಡಿದ್ವು. ಪಾವ, ಸೊರಗೋಗಿದಾವೆ ಅಂತ ಅವ್ಕೆ ಎಲ್ಡು ಚಮ್ಚ ಜಾಸ್ತಿ ಹಾಕ್ತಿದ್ದೆ."

ಹಳೆಯ ಇರುವೆಗಳು ಅಲ್ಲಿ ಉಳಿದಿದ್ದವು ಎಂದು ನನಗೆ ಗೊತ್ತೇ ಇರಲಿಲ್ಲ. ಹಳದಿಯವು ಮನೆಯೆಲ್ಲ ಆಕ್ರಮಿಸಿದ ಮೇಲೂ ಅವರು ಆ ಒಂದು ಗೂಡನ್ನು ಹಿಟ್ಟು ಹಾಕಿ ಹಾಕಿ ಉಳಿಸಿಕೊಂಡಿದ್ದರಂತೆ.

"ನಿನ್ಗೆ ಗೊತ್ತಿತ್ತಾ?"

"ಮೊದಲ ಸಲ ನೀವೇ ತೆಗೆದುಕೊಂಡು ಹಾಕಿಬಿಟ್ಟಿರಿ. ನಾನು ಬೇಡ ಅನ್ನೋಷ್ಟರಲ್ಲಿ..."

"ಆಮೇಲೆ?"

"ಗೊತ್ತಿತ್ತು."

ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದರು. ಹಸುವಿಗೆ ಕೈಮುಗಿದರು. ಒಗೆಯುವ ಕಲ್ಲಿನ ಹತ್ತಿರ ಹೋಗಿ ತುಂಬ ಹೊತ್ತು ಬಗ್ಗಿ ನೋಡಿದರು. ಕೈ ಎತ್ತಲಿಲ್ಲ. ತಿರುಗಿ ಬಂದು ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು, ನಿಜವಾಗಿಯೂ ಉತ್ತರ ಬೇಕಾದವರಂತೆ ಕೇಳಿದರು:

"ಕ್ಷಮೆ ಕೇಳಕ್ಕೆ ಅಲ್ಲಿ ಒಂದೂ ಇಲ್ಲ. ನಾನ್ ಯಾರನ್ನ ಕೇಳ್ಲಿ?"

ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಗುರಾದದ್ದು ನನಗೆ, ಅದೂ ಒಂದೇ ನಿಮಿಷ. ನನ್ನ ತಲೆಯ ಮೇಲಿದ್ದ ಮೂಟೆಯನ್ನು ಇಳಿಸುತ್ತೇನೆಂದು ಹೋಗಿ ಎಂಬತ್ತರ ಮುದುಕಿಯ ತಲೆಯ ಮೇಲಿಟ್ಟೆ. ನಾನು ಮಾಡಿದ ಪಾಪವಾದರೂ ನನ್ನದು. ಅವರು ಮಾಡದ ಪಾಪ ಅವರ ಕೈಯಿಂದಲೇ ಆಗಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ಒಬ್ಬಳು, ಉಂಡವರು ಇನ್ನೊಬ್ಬರು.

ಮರುದಿನದಿಂದ ಅವರು ಹಿಟ್ಟು ಹಾಕಲಿಲ್ಲ. ಶುದ್ಧ ಅಕ್ಕಿಹಿಟ್ಟನ್ನು ಅವರ ಎದುರಿಗೇ ಬೀಸಿಕೊಟ್ಟೆ. "ನನ್ ಕೈ ಅವ್ಕೆ ಆಗ್ಬರಲ್ಲ, ಮತಿ, ಸಾಕು" ಎಂದು ಬಟ್ಟಲು ಒಳಗಿಟ್ಟರು. ಒಂದು ದಿನ ಊಟ, ಒಂದು ದಿನ ಉಪವಾಸ ಎಂದು ದೀಪಾವಳಿಯವರೆಗೆ ನಡೆಸಿದರು. ಬಸದಿಯ ಪುರೋಹಿತರು, ತಿಳಿಯದೆ ಆದದ್ದಕ್ಕೆ ಅಷ್ಟೊಂದು ಬೇಡಮ್ಮ ಎಂದು ಹೇಳಿ ನೋಡಿದರು. ಅತ್ತೆ ತಲೆಯಾಡಿಸಿ ಕೇಳಿಸಿಕೊಂಡು ಬಂದರು, ಉಪವಾಸ ಬಿಡಲಿಲ್ಲ. ನನ್ನ ಮೇಲೆ ಒಮ್ಮೆಯೂ ರೇಗಲಿಲ್ಲ. ರೇಗಲಿ ಎಂದು ಬೇಕೆಂದೇ ಒಂದೆರಡು ಸಲ ಸಾರಿಗೆ ಉಪ್ಪು ಹೆಚ್ಚು ಹಾಕಿದೆ. ಸುಮ್ಮನೆ ತಿಂದು ಎದ್ದುಹೋದರು. ಮೊದಲಿನಂತೆ ಒಮ್ಮೆ ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಇರುವೆಗಳು ಬಿಸಿಲು ಬಿದ್ದ ಕೂಡಲೇ ಮತ್ತೆ ಬಂದವು. ಈಗ ನಮ್ಮವರೇ ಪುಡಿ ತಂದು ಅಂಗಳದಲ್ಲೂ ಹಾಕುತ್ತಾರೆ, ಮುಚ್ಚುಮರೆ ಏನಿಲ್ಲ. ಎರಡು ವಾರ ಸಾಯುತ್ತವೆ, ಮೂರನೇ ವಾರ ಪಕ್ಕದ ತೋಟದವು ಬರುತ್ತವೆ. ಪಕ್ಕದವರು ಹಾಕಿದರೆ ಅತ್ತಲಿನವು ಇತ್ತ. ಹೊಸ ಸ್ವಿಚ್ಚಿನೊಳಗೂ ಹೊಕ್ಕಿವೆ. ಇದಕ್ಕೆ ಕೊನೆ ಇದೆ ಎಂದು ನಾನು ಈಗ ನಂಬುವುದಿಲ್ಲ. ಇಷ್ಟಕ್ಕಾಗಿಯೇ ಅಷ್ಟೆಲ್ಲ ಮಾಡಿದೆನಲ್ಲ ಎಂದು ಕೆಲವು ಸಲ ಪೊರಕೆ ಹಿಡಿದು ನಿಂತೇ ಅಳು ಬರುತ್ತದೆ.

ಕರುವಿಗೆ ಬಲಗಣ್ಣು ಮಸುಕಾಗಿ ಕಾಣುತ್ತದೆ, ಎಡಗಣ್ಣು ಇಲ್ಲ. ಅದು ಬೆಳೆಯಿತು, ಬೂಸ ತಿನ್ನುವಷ್ಟಾಯಿತು. ಒಂದು ದಿನ ಬೂಸ, ಹಿಂಡಿ ಕಲಸಿ ಬಕೆಟ್ಟನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ಹುಲ್ಲು ತರಲು ಹೋದೆ. ತಿರುಗಿ ಬಂದರೆ ಅತ್ತೆ ಬಕೆಟ್ಟಿನಿಂದ ಒಂದು ಚಿಟಿಕೆ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡು, ಮೆಟ್ಟಿಲ ಮೇಲೆ ಕೂತಿದ್ದಾರೆ. ಸುಮ್ಮನೆ ಕೂತಿದ್ದಾರೆ. ಕರು ಹಗ್ಗ ಜಗ್ಗಿ ಕೂಗುತ್ತಿದೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಕೆಟ್ಟನ್ನು ಅದರ ಮುಂದಿಟ್ಟರು. ಮರುದಿನವೂ ಹಾಗೇ. ಆಮೇಲೆ ನೋಡುತ್ತ ಬಂದೆ. ನಾನು ಕಲಸಿದ ಹಸುವಿನ ಕಲಗಚ್ಚು, ಬೆಕ್ಕಿಗೆ ಹಾಕಿದ ಅನ್ನ, ಪಕ್ಕದ ಮನೆಯ ಮಗುವಿಗೆಂದು ಮಾಡಿದ ಉಂಡೆ, ಮಗನ ತಟ್ಟೆಗೆ ಬಡಿಸುವ ಮೊದಲು ಪಲ್ಯ, ಎಲ್ಲದರಲ್ಲೂ ಮೊದಲ ಚಿಟಿಕೆ ಅವರ ಬಾಯಿಗೆ. ಆಮೇಲೆ ಸ್ವಲ್ಪ ಹೊತ್ತು ಕಾಯುತ್ತಾರೆ. ನಮ್ಮವರಿಗೆ ಹೇಳಿದರೆ, "ವಯಸ್ಸಾಯ್ತು, ಬುಡು" ಎಂದರು.

ನನಗೆ ಬಿಡುವುದಕ್ಕಾಗಲಿಲ್ಲ. ಮೊನ್ನೆ ಬೆಳಿಗ್ಗೆ ಅವರು ಚಿಟಿಕೆ ಬಾಯಿಗಿಟ್ಟು ಕೂತಿದ್ದಾಗ ಹೋಗಿ ಎದುರಿಗೆ ನಿಂತೆ.

"ಯಾಕತ್ತೆ, ಕರುಗೂ ನಾನು ವಿಷ ಹಾಕ್ತೀನಾ?"

ಅವರು ಗಾಬರಿಯಾದರು. ಬಾಯಲ್ಲಿದ್ದದ್ದನ್ನು ನುಂಗಿ, ನನ್ನ ಕೈ ಹಿಡಿದು, ಎಳೆ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು.

"ಹಂಗಲ್ಲ ಕಣವ್ವ. ಅದ್ಕೆ ಪಾವ, ನನ್ನಂಗೇ, ಮಲಯಾಳ ಓದಕ್ ಬರಲ್ಲ. ಅದಕ್ಕೇ ಮೊದ್ಲು ನಾನ್ ನೋಡೋದು."

ಆಮೇಲೆ ಇನ್ನೊಂದು ಸ್ವಲ್ಪ ಹೊತ್ತು ಕಾದು, ಬಕೆಟ್ಟನ್ನು ಕರುವಿನ ಮುಂದಕ್ಕೆ ತಳ್ಳಿದರು.